ತೊಂಬತ್ತು ನಿಮಿಷದ ಕ್ಯಾಸೆಟ್ಟು

ತಿಂಗಳ ಮೊದಲ ಶನಿವಾರ, ತಾಂಪೆರೆಯ ಸಂತೆಕಟ್ಟೆಯಲ್ಲಿ
ಕರೀ ಸಾಸೇಜಿನ ಮೇಲೆ ಕೆಂಪು ಹಣ್ಣಿನ ಗೊಜ್ಜು ಸುರಿದುಕೊಂಡು
ನಾವು ನಾಲ್ವರು ಕ್ಯಾಸೆಟ್ಟು ಬದಲಾಯಿಸಿಕೊಳ್ಳುತ್ತಿದ್ದೆವು,
ಕೈಗವಸು ತೆಗೆಯದೆ, ಜೇಬಿನಿಂದ ಜೇಬಿಗೆ,
ಕಳ್ಳಮಾಲು ದಾಟಿಸುವವರ ಹಾಗೆ.

ರೈಲಿ ಬೂಟಿನ ಕಾರ್ಖಾನೆಯವಳು. ಓಯಿವಾ ಬಸ್ಸಿನವನು.
ನಾನು ಗ್ರಂಥಾಲಯದಲ್ಲಿ ಹರಿದ ಪುಸ್ತಕಕ್ಕೆ ಬೆನ್ನು ಕಟ್ಟುವವಳು.
ತಾರ್ಮೊ,
ನಿನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ
'ಕೇಳುವುದು' ಅನ್ನುತ್ತಿದ್ದ.
ಸಂಬಳ ಮಾತ್ರ ಕಾಗದದ ಗಿರಣಿಯಿಂದ ಬರುತ್ತಿತ್ತು.

ಅವನದು ಭಾರೀ ಮಡಿ.
ಒಂದು ತಂಡದ ಮೊದಲ ಎರಡು ರೆಕಾರ್ಡು ಮಡಿ,
ಮೂರನೆಯದು ಮೈಲಿಗೆ:
ಅಷ್ಟರಲ್ಲಿ ಡ್ರಮ್ಮಿನವನು ಮದುವೆಯಾಗಿಬಿಟ್ಟಿರುತ್ತಾನೆ.
ರೇಡಿಯೊ ಮುಟ್ಟಿದ ಹಾಡು ಎಂಜಲು.
ಪಲ್ಲವಿಗೆ ಯಾರಾದರೂ ಚಪ್ಪಾಳೆ ತಟ್ಟಿದರೋ
ಹತ್ತು ದಿನ ಸೂತಕ.

ರೈಲಿ ಒಮ್ಮೆ ಬೇಕೆಂದೇ
ಆ ವಾರದ ನಂಬರ್ ಒನ್ ತುಂಬಿಕೊಂಡು ಬಂದಳು.
ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ
ಅದನ್ನು ಮರಳಿಸಿದ ತಾರ್ಮೊ:
'ಇವು ಕಿವಿಗಳೋ, ಟೋಪಿ ಜಾರದಿರಲೆಂದು ಬಡಿದ ಗೂಟಗಳೋ?'
'ಎಂಟು ಗಂಟೆ ಹೊಲಿಗೆ ಯಂತ್ರದ ಮುಂದೆ ಕೂತು ನೋಡು,
ಯಾವ ಹಾಡಿಗೆ ಕಾಲು ಪೆಡಲು ತುಳಿಯುತ್ತದೋ ಆಮೇಲೆ ಹೇಳು.'
ಓಯಿವಾ ಬಾಯಿ ಒರೆಸಿಕೊಂಡ:
'ಯಾರೂ ಕೇಳದ್ದೇ ಶ್ರೇಷ್ಠವಾದರೆ
ನಾನು ಬಸ್ಸಿನಲ್ಲಿ ಕೂಗುವ ನಿಲ್ದಾಣಗಳ ಹೆಸರೇ ಶ್ರೇಷ್ಠ.'
ಗೊಜ್ಜು ತಣ್ಣಗಾಯಿತು. ಯಾರೂ ಸೋಲಲಿಲ್ಲ.

ನಾನೇನು ಸಾಚಾ ಅಲ್ಲ.
ಕೇಳದ ತಂಡಗಳ ಹೆಸರಿಗೆಲ್ಲ ತಲೆದೂಗಿದವಳು.
ಒಮ್ಮೆ, ಇಲ್ಲದ ತಂಡವೊಂದನ್ನು ಅಲ್ಲೇ ಹುಟ್ಟಿಸಿ ಹೊಗಳಿದೆ;
ತಾರ್ಮೊ ಕಣ್ಣು ಕಿರಿದು ಮಾಡಿ
'ಮೊದಲಿನಷ್ಟಿಲ್ಲ ಈಗ' ಅಂದ.

ಎಲ್ಲಕ್ಕಿಂತ ಕೀಳು ಟ್ಯಾಂಗೊ.
ಬೇಸಗೆಯಲ್ಲಿ ಕೆರೆದಡದ ಹಲಗೆ ಅಟ್ಟದ ಮೇಲೆ
ಅಕಾರ್ಡಿಯನ್ನು ನರಳುತ್ತಿದ್ದರೆ
ನಮ್ಮ ಅಪ್ಪ ಅಮ್ಮಂದಿರು ಕೆನ್ನೆಗೆ ಕೆನ್ನೆ ಒತ್ತಿ
ಮಾತಿಲ್ಲದೆ ಸುತ್ತುತ್ತಿದ್ದರಲ್ಲ, ಅದು.
ಅದರ ಹೆಸರೆತ್ತಿದರೆ ತಾರ್ಮೊ ಬೈಯುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ.
ಸುಮ್ಮನಾಗುತ್ತಿದ್ದ.
ಅದನ್ನು ನಾವು ಅಸಹ್ಯವೆಂದು ಓದಿಕೊಂಡೆವು.

ಫೆಬ್ರವರಿ. ಊರ ಸೌನಾ.
ಹೆಂಗಸರ ಕೋಣೆಯಲ್ಲಿ ನಾನೊಬ್ಬಳೇ.
ಗಂಡಸರ ಕಡೆ ಯಾರೋ ಕಲ್ಲಿಗೆ ನೀರೆರಚಿದರು, ಚುರ್ ಎಂದಿತು,
ಹಬೆಯ ಜೊತೆ ಹಲಗೆಯ ಸಂದಿನಿಂದ ಒಂದು ದನಿಯೂ ಬಂತು.
ಟ್ಯಾಂಗೊ.
ಗುನುಗಲ್ಲ, ಇಡೀ ಟ್ಯಾಂಗೊ, ಮೂರು ನುಡಿ,
ನಡುವೆ ಅಕಾರ್ಡಿಯನ್ನಿನ ಭಾಗವನ್ನೂ ಬಿಡದೆ ಬಾಯಲ್ಲೇ ನುಡಿಸಿಕೊಂಡು,
ಕೊನೆಯ ಸಾಲಿಗೆ ಬಂದಾಗ ಎಡವಿ, ಹಿಂದೆ ಹೋಗಿ,
ಮತ್ತೆ ಎತ್ತಿಕೊಂಡ.
ಆ ಮೂಗಿನ ದನಿ ನನಗೆ ಗೊತ್ತಿತ್ತು.
ಯಾರನ್ನು ತಬ್ಬಿ ಕುಣಿದಿದ್ದನೋ, ಯಾರು ಬರಲಿಲ್ಲವೋ.
ಬೆವರು ಆರುವವರೆಗೂ ಕೂತು, ಅವನ ಹೆಜ್ಜೆ
ಹೆಪ್ಪುಗಟ್ಟಿದ ಕೆರೆಯ ಕಡೆ ಹೋದ ಮೇಲೆ ಎದ್ದೆ.

ಯಾರಿಗೂ ಹೇಳಲಿಲ್ಲ.
ಹೇಳಿದ್ದರೆ ರೈಲಿ ವರ್ಷವಿಡೀ ಹಬ್ಬ ಮಾಡುತ್ತಿದ್ದಳು.

ಮಾರ್ಚಿನ ಶನಿವಾರ ಅವನ ಕ್ಯಾಸೆಟ್ಟು ನನ್ನ ಪಾಲಿಗೆ ಬಂತು.
ಸಂಜೆ ರೈಲಿಯೂ ಇದ್ದಳು, ಕಾಫಿಗೆ.
ಬಿ ಬದಿ, ನಾಲ್ಕನೆಯ ಹಾಡು ಮುಗಿಯಿತು,
ಐದನೆಯದು ಬರಲಿಲ್ಲ.
ಬರೀ ಟೇಪಿನ ಸರಸರ.
'ಒಂದು ಸೆಕೆಂಡೂ ಪೋಲು ಮಾಡದ ಜಿಪುಣ ಇವನು!
ಯಂತ್ರ ಕೈಕೊಟ್ಟಿರಬೇಕು' ಅಂದಳು ರೈಲಿ.
'ಇರಬೇಕು' ಅಂದೆ.
ಮೇಜಿನ ಕೆಳಗೆ ನನ್ನ ಕಾಲು
ಎರಡು ನಿಧಾನ, ಎರಡು ಬೇಗ ಎಣಿಸುತ್ತಿತ್ತು:
ಮೊದಲ ನುಡಿ, ಎರಡನೆಯದು, ಅಕಾರ್ಡಿಯನ್ನು,
ಮೂರನೆಯದು, ಕೊನೆಯ ಸಾಲು.
ಅಲ್ಲಿ ಎಡವಲೂ ಒಂದಿಷ್ಟು ಜಾಗ ಬಿಟ್ಟಿದ್ದ.

ಆಮೇಲೆ ಗಿಟಾರುಗಳು ಮೈಮೇಲೆ ಬಿದ್ದವು.
ದೊಡ್ಡ ಹೆಸರಿನ ತಂಡ, ಎರಡನೆಯ ರೆಕಾರ್ಡು, ಮಡಿ.
ಚೆನ್ನಾಗಿಯೇ ಇತ್ತು.
ಮೊದಲಿನಷ್ಟಿರಲಿಲ್ಲ.